ಛತ್ರದ ಗ್ರಾಂಟು ಮತ್ತು ನಮ್ಮ ಮಾವನವರ ಸೋದರತ್ತೆ

ನಾನು ಜಗಳೂರಿನಿಂದ ನ್ಯಾಮತಿಗೆ ಸೊಸೆಯಾಗಿ ಬಂದಾಗ ಅಲ್ಲಿ ನನ್ನ ತಂದೆ ಛತ್ರದ ಕಮಿಟಿಗೆ ಅಧ್ಯಕ್ಷರು, ಇಲ್ಲಿ ಮಾವನವರು ಛತ್ರದ ಕಮಿಟಿಗೆ ಅಧ್ಯಕ್ಷರು. ಬೀಗರಿಬ್ಬರೂ ಅಧ್ಯಕ್ಷರು ಎಂದು ಮದುವೆಯಲ್ಲಿ ಎರಡೂ ಕಡೆಯವರು ಮೀಸೆ ತಿರುವಿದ್ದರು. ಎರಡು ಕಮಿಟಿಗಳೂ ಸರ್ಕಾರದ ಒಂದೇ ಗ್ರಾಂಟಿನ ಮೇಲೆ ಕಣ್ಣಿಟ್ಟಿವೆ ಎಂಬುದು ಬಯಲಾದದ್ದು ಬೀಗರ ಊಟ ಮುಗಿದು ಎಲೆಯಡಿಕೆ ಹಾಕಿಕೊಳ್ಳುವಾಗ. ಅವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ತುಂಬ ಮರ್ಯಾದೆಯಿಂದ ಮಾತನಾಡಿಸತೊಡಗಿದರು. ನನಗೆ ಆಗಲೇ ಹೆದರಿಕೆಯಾಯಿತು.

ಅದು ಮಹಾರಾಜರ ಕಾಲ, ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ. ಮನೆಮಠವಿಲ್ಲದೆ ಬೀದಿಯಲ್ಲಿ ಮಲಗುವವರಿಗಾಗಿ ಊರವರು ಒಂದು ಛತ್ರ ನಡೆಸುತ್ತಿದ್ದರೆ ಅದನ್ನು ಗಟ್ಟಿ ಮಾಡಿಸಲು ಸರ್ಕಾರ ಅರ್ಧ ದುಡ್ಡು ಕೊಡುತ್ತದೆ, ಉಳಿದರ್ಧ ಊರು ಹಾಕಬೇಕು ಎಂದು ಆಗಿತ್ತು. ಇದಕ್ಕೆ ಎಲ್ಲರೂ ಗ್ರಾಂಟು ಎಂದೇ ಹೇಳುತ್ತಿದ್ದರು. ನಮ್ಮ ಸುತ್ತಿನಲ್ಲಿ ಕೈ ಚಾಚಿದ್ದು ನಾಲ್ಕು ಊರು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಕೊಡುವುದು ಒಂದು ಊರಿಗೆ. ಹೀಗಾಗಿ ಬಡವರ ಮೇಲೆ ಅಷ್ಟು ದಿನ ಇಲ್ಲದ ಪ್ರೀತಿ ನಾಲ್ಕೂ ಊರಿನ ದೊಡ್ಡ ಮನುಷ್ಯರಿಗೆ ಒಟ್ಟಿಗೇ ಉಕ್ಕಿ ಬಂತು.

ನಮ್ಮೂರಿನ ಛತ್ರ ಸಂತೆಮಾಳದ ಆಚೆಗಿತ್ತು. ಮಣ್ಣಿನ ಗೋಡೆ, ನಾಡಹೆಂಚು. ಹಿಂದಿನ ಗೋಡೆ ಹೊರಕ್ಕೆ ವಾಲಿಕೊಂಡಿತ್ತು, ಬಿದಿರಿನ ಗಳ ಕೊಟ್ಟು ನಿಲ್ಲಿಸಿದ್ದರು. ಅಲ್ಲಿ ಕಾಯಂ ಆಗಿ ಇದ್ದವರು ಮೂವರು. ಒಬ್ಬ, ಮೊದಲು ಬೆಲ್ಲದ ಗಾಡಿ ಹೊಡೆಯುತ್ತಿದ್ದು, ಗಾಲಿಗೆ ಕಾಲು ಸಿಕ್ಕಿ ಕುಂಟನಾದವನು. ಇನ್ನೊಬ್ಬ ಯಾರ ಹತ್ತಿರವೂ ಮಾತಾಡದೆ ತನ್ನೊಳಗೇ ಗೊಣಗಿಕೊಳ್ಳುತ್ತಿದ್ದ ಮನುಷ್ಯ. ಮೂರನೆಯವರು ಒಬ್ಬ ಅಜ್ಜಿ. ಸಾಸ್ವೆಹಳ್ಳಿ ಕಡೆಯವರಂತೆ, ಹೊಳೆ ಬಂದು ಗುಡಿಸಲು ಹೋಯಿತಂತೆ, ಆಮೇಲೆ ಹೀಗೆ ನಡೆದುಕೊಂಡು ಬಂದರಂತೆ. ಅದಕ್ಕಿಂತ ಹೆಚ್ಚಿಗೆ ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಸಂತೆ ದಿನ ವ್ಯಾಪಾರಿಗಳಿಗೆ ಮೆಣಸಿನಕಾಯಿ ಹಸನು ಮಾಡಿಕೊಡುತ್ತಿದ್ದರು. ದಿನಾ ಬೆಳಿಗ್ಗೆ ಛತ್ರದ ಮುಂದೆ ಸಾರಿಸಿ ರಂಗೋಲಿ ಎಳೆಯುತ್ತಿದ್ದರು. ಬೀಳುವ ಗೋಡೆಗೆ ರಂಗೋಲಿ ಯಾಕಮ್ಮ ಎಂದು ಯಾರೋ ಚುಡಾಯಿಸಿದರೆ, "ಗ್ವಾಡಿ ಹಿಂದೈತೆ, ರಂಗೋಲಿ ಮುಂದೈತೆ" ಎನ್ನುತ್ತಿದ್ದರು.

ಆ ಗೋಡೆ ಇನ್ನೊಂದು ಮಳೆಗಾಲ ತಾಳುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಉಳಿದಿಬ್ಬರು ಗಂಡಸರು, ಯಾವುದಾದರೂ ಮಂಡಿಯ ಜಗಲಿಯಲ್ಲಿ ಉರುಳಿಕೊಂಡಾರು. ಅಜ್ಜಿ ಎಲ್ಲಿಗೆ ಹೋಗಬೇಕು? ನನಗೆ ಛತ್ರದ ವಿಚಾರದಲ್ಲಿ ಇದ್ದ ಚಿಂತೆ ಅದೊಂದೇ. ಕಮಿಟಿಯವರಿಗೆ ಬೇರೆ ಬೇರೆ ಚಿಂತೆಗಳಿದ್ದವು. ಗ್ರಾಂಟು ಬಂದರೆ ಬಾಗಿಲ ಮೇಲೆ ಯಾರ ಹೆಸರು ಕೆತ್ತಿಸಬೇಕು ಎನ್ನುವುದು ಅದರಲ್ಲಿ ಒಂದು.

ಗ್ರಾಂಟು ಹೇಗೆ ಕೊಡುತ್ತಾರೆ ಎಂಬುದನ್ನು ನಮ್ಮ ಜಗಲಿಯ ಮೇಲೆ ಕುಳಿತು ಬಿಡಿಸಿ ಹೇಳಿದವರು ಅರ್ಜಿ ಬರೆಯುವುದನ್ನೇ ಕಸುಬು ಮಾಡಿಕೊಂಡಿದ್ದ ಒಬ್ಬರು. ಅವರು ನಶ್ಯ ಏರಿಸದೆ ಕಾಯಿದೆ ಹೇಳುತ್ತಿರಲಿಲ್ಲ. ಜಾಗ ಊರಿನದ್ದಾಗಿರಬೇಕು. ಊರಿನ ಪಾಲಿನ ದುಡ್ಡು ಮೊದಲೇ ಕಟ್ಟಿರಬೇಕು. ಇವೆರಡೂ ಕಷ್ಟವಲ್ಲ. ಕೊನೆಯದೊಂದು ಇತ್ತು. ಛತ್ರದಲ್ಲಿ ಇರುವವರು ನಿಜವಾಗಿ ದಿಕ್ಕಿಲ್ಲದವರೇ ಆಗಿರಬೇಕು. ನೋಡಿಕೊಳ್ಳುವ ನೆಂಟರು ಆ ಊರಿನಲ್ಲಿ ಒಬ್ಬರೂ ಇರಬಾರದು. ಅದನ್ನು ಊರಿನ ಪಂಚರು, ಅಂದರೆ ನಾಲ್ಕು ಜನ ಹಿರಿಯರು, ಮೇಲಿನಿಂದ ಬರುವ ಸಾಹೇಬರ ಮುಂದೆ ಬಾಯಿಬಿಟ್ಟು ಹೇಳಬೇಕು. ಎಲ್ಲೋ ಒಂದು ಕಡೆ ಸಾಹೇಬರು ಬರುವ ದಿನ ಕೂಲಿಯವರನ್ನು ಕರೆತಂದು ಮಲಗಿಸಿದ್ದರಂತೆ. ಅದಕ್ಕೇ ಹೊಸ ಕಟ್ಟಳೆ: ಯಾರ ವಿಷಯ ಹೇಳುತ್ತೀರೋ ಅವರನ್ನು ಎದುರಿಗೇ ನಿಲ್ಲಿಸಿಕೊಂಡು, ಅವರ ಮುಖ ನೋಡಿ ಹೇಳಬೇಕು.

"ಅಷ್ಟೇ ತಾನೆ? ಅದೇನು ಮಹಾ" ಅಂದರು ಮಾವನವರು.

ಮಾವನವರದ್ದು ಪಾತ್ರೆ ಅಂಗಡಿ. ತಾಮ್ರದ ಹಂಡೆಯ ಬೆಲೆಯನ್ನು ಎಂಥವರ ಮುಖಕ್ಕೂ ಹೇಳಿ ಅಭ್ಯಾಸವಿದ್ದವರು. ಆದರೂ ಬಾಯಿಪಾಠ ಇರಲಿ ಎಂದು ದಿನಾ ಸಂಜೆ ಜಗಲಿಯ ಮೇಲೆ ಅಡ್ಡಾಡುತ್ತಾ, "ಸ್ವಾಮಿ, ಇವರಿಗೆ ಯಾರೂ ದಿಕ್ಕಿಲ್ಲ" ಎಂದು ಕಂಬಕ್ಕೆ ಹೇಳತೊಡಗಿದರು. ನಮ್ಮ ಅತ್ತೆಯವರು ಆ ಹೊತ್ತಿಗೆ ಸರಿಯಾಗಿ ದೀಪ ಹಚ್ಚುತ್ತಿದ್ದರು.

"ಮುಸ್ಸಂಜಿ ಹೊತ್ತಿನಾಗೆ ಅವೇನು ಮಾತು ರೀ? ದೀಪ ಹಚ್ಚೋ ಮನೆ ಇದು" ಎಂದು ಒಳಗಿನಿಂದಲೇ ಸಿಡುಕಿದರು.

"ಗ್ರಾಂಟಿಗೆ ಕಣೇ."

"ಗ್ರಾಂಟಿಗಾದ್ರೆ ಹೊರಗೆ ಹೋಗಿ ಅನ್ರಿ."

ನಮ್ಮ ಕಡೆ ಆ ಮಾತು ಬರಿಯ ಮಾತಲ್ಲ. ಹೆಂಗಸರು ಬಾವಿಕಟ್ಟೆಯಲ್ಲಿ ಜಗಳಕ್ಕೆ ಬಿದ್ದು, ಗಂಡ ಮಕ್ಕಳನ್ನೆಲ್ಲ ಎಳೆದು ಆಡಿ, ಇನ್ನೇನೂ ಉಳಿಯದೆ ಹೋದಾಗ ಕೊನೆಗೆ ಎಸೆಯುವ ಬೈಗುಳ ಅದು. ಅದನ್ನು ಅನ್ನಿಸಿಕೊಂಡವಳು ಆ ಮೇಲೆ ಅಂದವಳ ಮನೆಯ ನೀರು ಮುಟ್ಟುವುದಿಲ್ಲ. ಹಿಂದಿನಿಂದ ಏನು ಬೇಕಾದರೂ ಅನ್ನಬಹುದು. ಎದುರಿಗೆ ನಿಂತು ಒಬ್ಬರಿಗೆ ನಿನಗೆ ಯಾರೂ ಇಲ್ಲ ಅನ್ನುವುದು ಅವರ ಮನೆಯ ಒಲೆಗೆ ನೀರು ಸುರಿದಂತೆ. ಸರ್ಕಾರಕ್ಕೆ ಇದು ಗೊತ್ತಿರಲಿಲ್ಲ. ನಮ್ಮ ಕಮಿಟಿಗೆ ಗೊತ್ತಿತ್ತು, ಆದರೆ ಗ್ರಾಂಟಿನ ಸಂಭ್ರಮದಲ್ಲಿ ಜ್ಞಾಪಕಕ್ಕೆ ಬರಲಿಲ್ಲ.

ಸಾಹೇಬರು ಬಿಸಿಲುಗಾಲದ ಕೊನೆಗೆ ಮೋಟಾರಿನಲ್ಲಿ ಬಂದರು. ಮೊದಲು ಚನ್ನಗಿರಿ. ಅಲ್ಲಿಯವರು ಛತ್ರಕ್ಕೆ ಸುಣ್ಣ ಹೊಡೆಸಿ, ಒಳಗಿದ್ದವರಿಗೆಲ್ಲ ಹೊಸ ಪಂಚೆ, ರುಮಾಲು ಕೊಡಿಸಿ ಸಾಲಾಗಿ ನಿಲ್ಲಿಸಿದ್ದರಂತೆ. ಸಾಹೇಬರು ಮೋಟಾರಿನಿಂದ ಇಳಿದವರೇ ಅವರಿಗೆ ಕೈಮುಗಿದು, "ಕಮಿಟಿಯವರನ್ನು ನೋಡಿದ್ದಾಯಿತು, ಬಡವರೆಲ್ಲಿ?" ಎಂದರಂತೆ. ನಿಜವಾದ ಕಮಿಟಿಯವರು ಹಿಂದೆ ಸುಣ್ಣದ ಮೈಯಲ್ಲೇ ನಿಂತಿದ್ದರು, ಅವರನ್ನು ಯಾರೂ ಗಮನಿಸಲಿಲ್ಲ. ಆಮೇಲೆ ಹೊನ್ನಾಳಿ. ಅಲ್ಲಿ ಛತ್ರದವರೆಲ್ಲ ಹೊಳೆ ದಂಡೆಯ ಮರಳಿನಲ್ಲಿ ಕಲ್ಲಂಗಡಿ ಕಾಯುವುದಕ್ಕೆ ಹೋಗಿದ್ದರು. ಸಂಜೆಗೆ ಬರ್ತಾರೆ ಅಂದರೆ, ಸಂಜೆಗೆ ಸಾಹೇಬರಿಗೆ ಬಿಡುವಿರಲಿಲ್ಲ. ಇದೆಲ್ಲ ಬಸ್ಸಿನ ಡ್ರೈವರ್‌ಗಳ ಬಾಯಿಂದ ನಮಗೆ ಬಿಸಿಬಿಸಿಯಾಗಿ ಬರುತ್ತಿತ್ತು. ಮಾವನವರು ಎಲ್ಲವನ್ನೂ ಕೇಳಿ ಪಾಪ ಅಂದರು. ಅಂದ ರೀತಿಯಲ್ಲಿ ಪಾಪ ಇರಲಿಲ್ಲ.

ನಮ್ಮೂರಿಗೆ ಬಂದ ದಿನ ಮಜ್ಜಿಗೆಯ ಕೊಡಪಾನ ಹೊತ್ತುಕೊಂಡು ಛತ್ರಕ್ಕೆ ಹೋದವಳು ನಾನು. ಹಾಗಾಗಿ ನಡೆದದ್ದೆಲ್ಲ ಕಣ್ಣಾರೆ ಕಂಡೆ. ಸಾಹೇಬರು ಕೆಟ್ಟವರಾಗಿರಲಿಲ್ಲ. ಬಿಸಿಲಿಗೆ ಮುಖ ಕೆಂಪಗಾಗಿತ್ತು, ಕೋಟಿನ ಗುಂಡಿ ಬಿಚ್ಚಲು ಮನಸ್ಸಿತ್ತು, ಬಿಚ್ಚಲಿಲ್ಲ. ವಾಲಿದ ಗೋಡೆಯನ್ನು ನೋಡಿದರು, ಬಿದಿರಿನ ಗಳವನ್ನು ಅಲ್ಲಾಡಿಸಿ ನೋಡಿ ಬೇಗ ಕೈಬಿಟ್ಟರು. "ಇದು ರಿಪೇರಿ ಆಗಲೇಬೇಕು" ಅಂದರು. ಮಾವನವರು ಪಕ್ಕದಲ್ಲಿದ್ದ ಬೆಲ್ಲದ ಮಂಡಿ ಸಾಹುಕಾರರನ್ನು ಮೊಣಕೈಯಿಂದ ತಿವಿದರು. ಗ್ರಾಂಟು ಅರ್ಧ ಬಂದ ಹಾಗೆಯೇ ಆಗಿತ್ತು.

ಆಮೇಲೆ ಹೇಳಿಕೆಯ ಕೆಲಸ. ಮೊದಲು ಕುಂಟನನ್ನು ಮುಂದೆ ನಿಲ್ಲಿಸಿದರು. ಅವನ ಬಗ್ಗೆ ಹೇಳಬೇಕಾದವರು ಸಾಹುಕಾರರು.

"ಈತನಿಗೆ ಈ ಊರಿನಲ್ಲಿ ಯಾರಾದರೂ ಇದ್ದಾರೆಯೇ?" ಎಂದರು ಸಾಹೇಬರು.

ಸಾಹುಕಾರರು ಬಾಯಿ ತೆಗೆದರು. ಕುಂಟ ಅವರನ್ನೇ ನೋಡುತ್ತಿದ್ದ. ಅವನು ಕಾಲು ಮುರಿದುಕೊಂಡದ್ದು ಅವರದೇ ಮಂಡಿಯ ಗಾಡಿಯ ಕೆಳಗೆ. ಸಾಹುಕಾರರು ಬಾಯಿ ಮುಚ್ಚಿ, ಮತ್ತೆ ತೆಗೆದು, "ಇಲ್ಲ ಅಂತ ಹೆಂಗನ್ನಾಕಾಗ್ತದೆ ಸ್ವಾಮಿ. ನಮ್ಮ ಮಂಡಿ ಮನುಷ್ಯ. ನಾವಿದೀವಿ" ಅಂದುಬಿಟ್ಟರು.

ಮಾವನವರು ಅವರನ್ನು ಸುಟ್ಟುಬಿಡುವ ಹಾಗೆ ನೋಡಿದರು.

ಗೊಣಗುವವನ ಸರದಿ. ಹೇಳಬೇಕಾದವರು ನಮ್ಮೂರಿನ ಶಾನುಭೋಗರು, ಲೆಕ್ಕಪತ್ರದ ಮನುಷ್ಯ, ಗಟ್ಟಿಗರು ಎಂದೇ ಆರಿಸಿದ್ದು. ಅವರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಆ ಮನುಷ್ಯ ವರ್ಷಗಳಿಂದ ಮಾತಾಡದೆ ಇದ್ದವನು ಗೊಣಗುವುದನ್ನು ನಿಲ್ಲಿಸಿ, ತಲೆಯೆತ್ತಿ, ಏನು ಹೇಳುತ್ತಾರೋ ಎಂದು ಕೇಳಿಸಿಕೊಳ್ಳಲು ನಿಂತ. ಶಾನುಭೋಗರ ಕುತ್ತಿಗೆ ಬೆವರಿತು. "ನಾವೂ ಇವನೂ ಒಂದೇ ಐಗಳ ಹತ್ರ ಅಕ್ಷರ ತಿದ್ದಿದೋರು. ಒಂಥರಾ ತಮ್ಮ ಇದ್ದಂಗೆ" ಅಂದರು. ಅವರು ಇದೇ ಊರಿನವರು, ಅವನು ಯಾವ ಊರಿನವನೋ ದೇವರಿಗೇ ಗೊತ್ತು. ಸಾಹೇಬರು ಬರೆದುಕೊಂಡರು.

ಈಗ ಉಳಿದದ್ದು ಅಜ್ಜಿ, ಮತ್ತು ಮಾವನವರು. ನಾನು ಮಜ್ಜಿಗೆ ಲೋಟ ಹಿಡಿದು ನಿಂತೇ ಇದ್ದೆ. ನನಗೆ ನಿಜವಾಗಿ ಮಾವನವರ ಮೇಲೆ ನಂಬಿಕೆ ಇತ್ತು. ಕಂಬಕ್ಕೆ ಎಷ್ಟು ಸಲ ಹೇಳಿದ್ದನ್ನು ಕೇಳಿದ್ದೆ. ಒಂದು ಹೇಳಿಕೆ ಸರಿಯಾಗಿ ಬಿದ್ದರೂ ಸಾಕು ಎಂದು ಅರ್ಜಿ ಬರೆಯುವವರು ಮೊದಲೇ ಹೇಳಿದ್ದರು. ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದೆ ಬಂದು ನಿಂತರು. ಯಾವ ಮದುವೆಗೋ ಹೊರಟವರ ಹಾಗೆ ತಲೆ ಬಾಚಿಕೊಂಡಿದ್ದರು.

"ಈಕೆಗೆ ಈ ಊರಿನಲ್ಲಿ ಯಾರಿದ್ದಾರೆ?"

ಮಾವನವರು ಆಕಾಶ ನೋಡಿದರು. ರಂಗೋಲಿ ನೋಡಿದರು. ಕೊನೆಗೆ ಅಜ್ಜಿಯ ಮುಖ ನೋಡಿದರು. ಅದೇ ಅವರು ಮಾಡಿದ ತಪ್ಪು.

"ನಮ್ಮ ಸೋದರತ್ತೆ ಆಗಬೇಕು ಸ್ವಾಮಿ" ಅಂದರು.

ನನ್ನ ಕೈಯಲ್ಲಿದ್ದ ಲೋಟ ಬೀಳಲಿಲ್ಲ ಅನ್ನುವುದು ನನ್ನ ಪುಣ್ಯ. ಮಾವನವರ ತಂದೆಗೆ ಅಕ್ಕತಂಗಿಯರೇ ಇರಲಿಲ್ಲ.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಬಹಳ ಸಂತೋಷ. ನಿಮ್ಮ ಊರಿನಲ್ಲಿ ದಿಕ್ಕಿಲ್ಲದವರು ಒಬ್ಬರೂ ಇಲ್ಲ. ನಾನು ನೋಡಿದ ಊರುಗಳಲ್ಲಿ ಇಂಥದ್ದು ಇದೇ ಮೊದಲು" ಎಂದರು. ಅವರು ಅಂದದ್ದು ಹಾಸ್ಯವೋ ನಿಜವೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಮಜ್ಜಿಗೆ ಕುಡಿದು, ಚೆನ್ನಾಗಿದೆ ಎಂದು ಇನ್ನೊಂದು ಲೋಟ ಕೇಳಿ, ಮೋಟಾರು ಹತ್ತಿದರು.

ಮನೆಗೆ ಬಂದ ಮಾವನವರು ಆ ಇಬ್ಬರನ್ನೂ ಬೈದರು. ಸಾಹುಕಾರನಿಗೆ ನಾಲಿಗೆ ಮೇಲೆ ಹಿಡಿತ ಇಲ್ಲ, ಶಾನುಭೋಗನಿಗೆ ಬೆನ್ನುಮೂಳೆಯೇ ಇಲ್ಲ, ಹಿಂಗಾದ್ರೆ ಊರು ಉದ್ಧಾರ ಆದಂಗೆ. ತಾವು ಏನು ಹೇಳಿದಿರಿ ಎಂದು ಅತ್ತೆಯವರು ಕೇಳಿದಾಗ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾನೆ ಎಂದು ಎದ್ದು ಹೋದರು. ವಿಷಯ ನನ್ನಿಂದಲೇ ಅತ್ತೆಯವರಿಗೆ ತಿಳಿಯಿತು. ಅವರು ಬೇಳೆ ಆರಿಸುತ್ತಲೇ ಕೇಳಿಸಿಕೊಂಡರು. ಆಮೇಲೆ, "ಯಾವ ಜಾತಿಯಂತೆ ಆಕೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗ್ರಾಂಟು ಜಗಳೂರಿಗೆ ಹೋಯಿತು. ನನ್ನ ತಂದೆ ಒಂದಿಷ್ಟೂ ತಡವರಿಸದೆ, ಒಬ್ಬೊಬ್ಬರ ಮುಖ ನೋಡಿ, ಇವನಿಗೆ ಯಾರೂ ಇಲ್ಲ, ಇವಳಿಗೆ ಯಾರೂ ಇಲ್ಲ ಎಂದು ಹೇಳಿ ಮುಗಿಸಿದ್ದರಂತೆ. ಮಾವನವರು ಬೀಗರಿಗೆ ಸಂತೋಷ ತಿಳಿಸಿ ಕಾಗದ ಹಾಕಿದರು. ಹಾಕಿ ಬಂದು ಊಟ ಬೇಡ ಎಂದು ಮಲಗಿದರು.

ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ಛತ್ರದ ಹಿಂದಿನ ಗೋಡೆ ಬಿತ್ತು. ಹಗಲು ಹೊತ್ತು ಬಿದ್ದದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಕುಂಟ ನೇರ ಬೆಲ್ಲದ ಮಂಡಿಗೆ ಹೋಗಿ ಕುಳಿತ. ಗೊಣಗುವವನನ್ನು ಶಾನುಭೋಗರು ತಾವೇ ಬಂದು ಕರೆದುಕೊಂಡು ಹೋಗಿ ಹಿತ್ತಲ ಕೊಟ್ಟಿಗೆಯಲ್ಲಿ ಇರಿಸಿದರು. ಅಜ್ಜಿ ಒಂದು ಗಂಟು ತಲೆಯ ಮೇಲಿಟ್ಟುಕೊಂಡು, ತೊಯ್ದು ತೊಪ್ಪೆಯಾಗಿ ನಮ್ಮ ಮನೆ ಬಾಗಿಲಿಗೆ ಬಂದರು. ಮಾವನವರು ಕಿಟಕಿಯಿಂದ ನೋಡಿದವರೇ ಹಿತ್ತಲ ಬಾಗಿಲಿನಿಂದ ಅಂಗಡಿಗೆ ಹೋದರು. ಅಷ್ಟು ಮಳೆಯಲ್ಲಿ ಹಂಡೆ ಕೊಳ್ಳಲು ಯಾರು ಬರುತ್ತಾರೆ?

ಬಾಗಿಲಲ್ಲಿ ಅತ್ತೆಯವರು ನಿಂತಿದ್ದರು. ನಾನು ಅವರ ಹಿಂದೆ.

"ಗ್ವಾಡಿ ಬಿತ್ತು ತಾಯಿ" ಅಂದರು ಅಜ್ಜಿ. "ನಿಮ್ಮ ಯಜಮಾನ್ರು ಅವತ್ತು ಸಾಹೇಬ್ರ ಮುಂದೆ ಒಂದು ಮಾತು ಅಂದಿದ್ರು."

"ಅಂದಿದ್ರು" ಅಂದರು ಅತ್ತೆಯವರು. "ನೀವು ಯಾವ ಪೈಕಿ?"

ಅಜ್ಜಿ ಗಂಟಿನ ನೀರನ್ನು ಹಿಂಡುತ್ತಾ ಅವರ ಮುಖ ನೋಡಿದರು. "ನಿಮ್ಮ ಯಜಮಾನ್ರ ಸೋದರತ್ತೆ ಅಂದಮ್ಯಾಲೆ ನಿಮ್ಮ ಪೈಕಿನೇ ಅಲ್ಲೇನು?"

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡೆ. ಅತ್ತೆಯವರು ನಗಲಿಲ್ಲ, ಬಾಗಿಲಿನಿಂದ ಒಂದು ಪಕ್ಕಕ್ಕೆ ಸರಿದರು. "ಪಡಸಾಲೇಲಿ ಮಲಕ್ಕಳ್ರಿ. ಮಳೆ ನಿಲ್ಲಗಂಟ" ಎಂದರು.

ಆ ಮಳೆ ಬಹಳ ವರ್ಷ ನಿಲ್ಲಲಿಲ್ಲ.

ಅಜ್ಜಿ ಪಡಸಾಲೆಯ ಮೂಲೆಯಲ್ಲಿ ಮಲಗಿದರು. ನಮ್ಮ ಬಾಗಿಲ ಮುಂದೆ ರಂಗೋಲಿ ಎಳೆದರು, ಅಕ್ಕಿ ಜೋಳ ಹಸನು ಮಾಡಿದರು, ನನ್ನ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಎಣ್ಣೆ ತಿಕ್ಕಿದರು. ಅಡುಗೆಮನೆಯ ಹೊಸಲು ಮಾತ್ರ ದಾಟಲಿಲ್ಲ. ಅತ್ತೆಯವರು ಬೇಡ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ದಿನಾ ತಟ್ಟೆಯನ್ನು ಹೊಸಲಿನ ಆಚೆಗೆ ತಂದಿಡುತ್ತಿದ್ದರು, ಅಷ್ಟೇ. ಅಜ್ಜಿಗೆ ಅರ್ಥವಾಗಿತ್ತು. ಬಿಸಿ ಇರುವಾಗಲೇ ತಂದಿಡುತ್ತಿದ್ದರು ಎಂಬುದನ್ನೂ ಹೇಳಬೇಕು. ಅಜ್ಜಿಯನ್ನು ಅತ್ತೆಯವರು ಏನೆಂದೂ ಕರೆಯುತ್ತಿರಲಿಲ್ಲ. ಕೂಗಬೇಕಾದರೆ "ಇಲ್ಲಿ ನೋಡ್ರಿ" ಅನ್ನುತ್ತಿದ್ದರು. ಇನ್ನೊಬ್ಬರ ಮುಂದೆ ಹೇಳಬೇಕಾದರೆ "ಛತ್ರದೋರು" ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದು ಏನು ಮಾಡಿದೆ ಎಂದರೆ, ಏನೂ ಮಾಡಲಿಲ್ಲ. ಸೊಸೆ ನಾನು.

ಚೊಚ್ಚಲು ಬಾಣಂತನಕ್ಕೆ ತವರಿಗೆ ಹೋದಾಗ ಜಗಳೂರಿನ ಛತ್ರ ನೋಡಿದೆ. ಕಲ್ಲಿನ ಗೋಡೆ, ಮಂಗಳೂರು ಹೆಂಚು, ಬಾಗಿಲ ಮೇಲೆ ನನ್ನ ತಂದೆಯ ಹೆಸರು. ಒಳಗೆ ನಾಲ್ಕಾರು ಜನ ಮಲಗುತ್ತಿದ್ದರು. ಆದರೆ ಅದರ ಎದುರಿನ ಬೇವಿನ ಮರದ ಕೆಳಗೆ, ಹರಕು ಕಂಬಳಿ ಹೊದ್ದು ಒಬ್ಬ ಮುದುಕ ಕುಳಿತಿರುತ್ತಿದ್ದ. ಮೊದಲು ಕುರಿ ಕಾಯುತ್ತಿದ್ದವನು. ಒಳಗೆ ಯಾಕೆ ಮಲಗುವುದಿಲ್ಲಜ್ಜ ಎಂದೆ. "ಅಧ್ಯಕ್ಷರು ನನ್ನ ಮಕಾ ನೋಡಿ ಯಾರೂ ದಿಕ್ಕಿಲ್ಲ ಅಂದ್ರವ್ವ. ಆ ಮಾತಿನ ಹೆಂಚು ಅವು. ಅದರ ಕೆಳಗೆ ನಿದ್ದಿ ಬರಲ್ಲ" ಅಂದ. ನಾನು ಅವರದೇ ಮಗಳು ಎಂದು ಅವನಿಗೆ ಗೊತ್ತಿರಲಿಲ್ಲ.

ತಂದೆಯನ್ನು ಕೇಳಿದೆ. "ಇದ್ದದ್ದು ಇದ್ದಂಗೆ ಹೇಳಿದೆ. ಸುಳ್ಳು ಹೇಳಿದ್ನಾ?" ಅಂದರು. ಸುಳ್ಳಲ್ಲ. ಮುಂದೆ ಮಳೆ ಬಾರದ ವರ್ಷಗಳಲ್ಲಿ ಎಷ್ಟೋ ಜನಕ್ಕೆ ಆ ಛತ್ರ ನೆರಳಾಯಿತು. ತಂದೆ ಮಾಡಿದ್ದು ತಪ್ಪು ಎಂದು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಮಾವನವರು ಮಾಡಿದ್ದು ಸರಿ ಎಂದು ಹೇಳುವುದಕ್ಕೂ ಆಗುವುದಿಲ್ಲ. ಅವರು ಗೋಡೆ ಕಟ್ಟಿಸಲಿಲ್ಲವಲ್ಲ. ಇಬ್ಬರಲ್ಲಿ ಯಾರ ಮಗಳಾಗುವುದು ಒಳ್ಳೆಯದು ಎಂದು ಬೇವಿನ ಮರದ ಹತ್ತಿರ ನಿಂತು ಯೋಚಿಸಿದ್ದೆ. ಅದನ್ನು ಆರಿಸಿಕೊಳ್ಳಲು ಯಾರೂ ಬಿಡುವುದಿಲ್ಲ.

ಯುದ್ಧ ಶುರುವಾಯಿತು. ಬಸ್ಸುಗಳು ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಹೊಗೆ ಬಿಡುತ್ತಾ ಓಡಾಡತೊಡಗಿದವು. ಸೀಮೆಎಣ್ಣೆ, ಅಕ್ಕಿ ಎರಡಕ್ಕೂ ಸಾಲು ನಿಲ್ಲಬೇಕಾಯಿತು. ಕೂಲಿ ಹುಡುಕಿಕೊಂಡು ಬಯಲುಸೀಮೆಯಿಂದ ಬಂದವರು ನಮ್ಮ ಛತ್ರದಲ್ಲಿ ಬೀಳದೆ ಉಳಿದಿದ್ದ ಮುಂದಿನ ಭಾಗದಲ್ಲಿ ತಡಿಕೆ ಕಟ್ಟಿಕೊಂಡು ಮಲಗುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಮತ್ತೆ ಗ್ರಾಂಟು ಬಂತು. ಮತ್ತೆ ಅದೇ ನಶ್ಯದ, ಅರ್ಜಿ ಬರೆಯುವವರು ನಮ್ಮ ಜಗಲಿ ಹತ್ತಿದರು. ಈ ಸಲ ಅವರ ಮುಖ ಸಪ್ಪಗಿತ್ತು.

ತೊಂದರೆ ಹಳೆಯ ಹೇಳಿಕೆಯದು. ನ್ಯಾಮತಿಯಲ್ಲಿ ದಿಕ್ಕಿಲ್ಲದವರೇ ಇಲ್ಲ ಎಂದು ಪಂಚರೇ ಹೇಳಿ ಹೋಗಿದ್ದರಲ್ಲ, ಈಗ ಇದ್ದಾರೆ ಅಂದರೆ ಆಗ ಹೇಳಿದ್ದು ಸುಳ್ಳೋ ಈಗ ಹೇಳುತ್ತಿರುವುದು ಸುಳ್ಳೋ ಎಂದು ಹೊಸ ಸಾಹೇಬರು ಕೇಳಿದ್ದರಂತೆ. ಹಳೆಯ ಮೂವರಲ್ಲಿ ಕುಂಟ ತೀರಿಕೊಂಡಿದ್ದ. ಗೊಣಗುವವನು ಒಂದು ದಿನ ಎಲ್ಲಿಗೋ ಹೊರಟುಹೋಗಿದ್ದ. ಉಳಿದವರು ಅಜ್ಜಿ. ಮಾವನವರು ಸಾಹೇಬರ ಎದುರು, ಅಜ್ಜಿಯ ಎದುರು ನಿಂತು, ಅವತ್ತು ನಾನು ಬಾಯಿತಪ್ಪಿ ಹೇಳಿದೆ, ಈಕೆ ನಮಗೆ ಏನೂ ಆಗಬೇಕಿಲ್ಲ ಅಂದರೆ ಹಳೆಯ ಹೇಳಿಕೆ ರದ್ದಾಗುತ್ತದೆ. ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ.

"ಒಂದು ಮಾತು ಅಷ್ಟೇ" ಅಂದರು ಬೆಲ್ಲದ ಸಾಹುಕಾರರು. "ಆಮ್ಯಾಲೆ ನಿಮ್ಮ ಮನೆಯಾಗೆ ಇರಾಕೆ ಯಾರೇನು ಬ್ಯಾಡ ಅಂತಾರೆ? ಅಲ್ಲಿ ಕೂಸು ಕಟ್ಟಿಕೊಂಡೋರು ಮಳಿಯಾಗೆ ಮಲಗ್ಯಾರೆ. ಅವರ ಮುಖಾನೂ ನೋಡ್ರಿ."

ಅದು ನಿಜವಾದ ಮಾತೇ ಆಗಿತ್ತು. ಮಾವನವರು ತಲೆ ಬಗ್ಗಿಸಿ ಕುಳಿತುಬಿಟ್ಟರು. ಆಗುತ್ತೆ ಅನ್ನಲಿಲ್ಲ, ಆಗಲ್ಲ ಅನ್ನಲಿಲ್ಲ. ಅಜ್ಜಿ ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಅಜ್ಜಿಯ ಕಿವಿ ಚೆನ್ನಾಗಿಯೇ ಇತ್ತು. ಗಂಡಸರಿಗೆ ಮೊರ ಹಿಡಿದವರಿಗೆ ಕಿವಿ ಇರುತ್ತದೆ ಎಂದು ಹೊಳೆಯುವುದೇ ಇಲ್ಲ.

ಹೊಸ ಸಾಹೇಬರು ಬಂದ ದಿನ ಮೊದಲು ಕಾಫಿಗೆಂದು ನಮ್ಮ ಮನೆಗೇ ಬಂದರು. ವಯಸ್ಸು ಚಿಕ್ಕದು. ಜಗಲಿಯ ಮೇಲೆ ಚಾಪೆ ಹಾಸಿತ್ತು. ಕಮಿಟಿಯವರೆಲ್ಲ ಸುತ್ತ ಕುಳಿತರು. ನಾನು ಮತ್ತು ಅತ್ತೆಯವರು ರೊಟ್ಟಿ ಬಡಿಯುವುದನ್ನು ಬಿಟ್ಟು ಅಡುಗೆಮನೆಯ ಬಾಗಿಲ ಹಿಂದೆ ನಿಂತೆವು. ಅಲ್ಲಿಂದ ಪಡಸಾಲೆಯ ಮೂಲಕ ಜಗಲಿ ಪೂರಾ ಕಾಣುತ್ತಿತ್ತು. ಮಾವನವರ ಬೆನ್ನು ಕಾಣುತ್ತಿತ್ತು. ಆ ಬೆನ್ನು ನೋಡಿದರೆ ಈ ಸಲ ಅವರು ಹೇಳಿಯೇಬಿಡುತ್ತಾರೆ ಅನ್ನಿಸಿತು. ಹಿಂದಿನ ರಾತ್ರಿ ಅವರು ಕಂಬಕ್ಕೂ ಹೇಳಿರಲಿಲ್ಲ, ಅದೇ ನನಗೆ ಭಯ. ಅಜ್ಜಿಯನ್ನು ಕರೆಸಿ ಮುಂದೆ ನಿಲ್ಲಿಸಿದರು.

"ನೀವು ಹೇಳಿ, ಈಕೆ ನಿಮಗೆ ಏನಾಗಬೇಕು?" ಎಂದು ಸಾಹೇಬರು ಮಾವನವರನ್ನು ಕೇಳಿದರು.

ಮಾವನವರು ಎದ್ದು ನಿಂತರು. ಕೆಮ್ಮಿದರು. ಹೆಗಲ ಮೇಲಿನ ಟವಲು ತೆಗೆದು ಮತ್ತೆ ಹಾಕಿಕೊಂಡರು.

"ಆ ಯಪ್ಪನ್ನ ಏನು ಕೇಳ್ತೀರಿ ಸ್ವಾಮಿ" ಅಂದರು ಅಜ್ಜಿ. "ನಾನೇ ಹೇಳ್ತೀನಿ ಬರ್ಕಳ್ರಿ. ಅವರು ನನಗೇನೂ ಆಗಬೇಕಿಲ್ಲ. ಹೊಳೆ ಪಾಲಾದ ಮನೆ ನಂದು. ನನಗೆ ಈ ಊರಾಗೆ ಯಾರೂ ದಿಕ್ಕಿಲ್ಲ."

ಸಂತೆಯಲ್ಲಿ ಮೆಣಸಿನಕಾಯಿ ಹಸನಾಯಿತು ಎಂದು ಹೇಳುವ ಹಾಗೆಯೇ ಹೇಳಿದರು. ಮೂವರು ಹಿರಿಯರು ಸೇರಿ ಹೇಳಲಾರದೆ ಹೋದ ಮಾತನ್ನು ಆ ಮುದುಕಿ ತನಗೆ ತಾನೇ ಹೇಳಿಕೊಂಡು, ಊರಿಗೆ ಒಂದು ಗೋಡೆ ಕೊಟ್ಟರು. ನನಗೆ ಕಣ್ಣಲ್ಲಿ ನೀರು ಬಂತು. ಸಾಹುಕಾರರು ನೆಲ ನೋಡಿದರು. ಸಾಹೇಬರು ಪೆನ್ನು ತೆಗೆದರು.

ನನ್ನ ಪಕ್ಕದಲ್ಲಿ ನಿಂತಿದ್ದ ಅತ್ತೆಯವರು ಅಲ್ಲಿರಲಿಲ್ಲ. ಅಷ್ಟು ವರ್ಷದಲ್ಲಿ ಹೊರಗಿನ ಗಂಡಸರ ಮುಂದೆ ಒಂದು ದಿನವೂ ಬಾರದವರು ಪಡಸಾಲೆ ದಾಟಿ ಜಗಲಿಯ ಬಾಗಿಲಿಗೆ ಹೋಗಿ ನಿಂತಿದ್ದರು. ಕೈಯೆಲ್ಲ ರೊಟ್ಟಿ ಹಿಟ್ಟು.

"ಏನು ಮಾತಾಡ್ತೀರಿ ಅತ್ತೆ ನೀವು?" ಎಂದು ಗದರಿದರು. "ದೀಪ ಹಚ್ಚೋ ಮನೆ ಇದು. ಒಳಗೆ ಬರ್ರಿ. ರೊಟ್ಟಿ ಬಡಿಯಾಕೆ ನನಗೊಬ್ಬಳಿಗೇ ಆಗಲ್ಲ."

ರೊಟ್ಟಿ ಬಡಿಯುತ್ತಿದ್ದವಳು ನಾನೂ ಇದ್ದೆ. ನನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಸಾಹೇಬರು ಒಮ್ಮೆ ಅತ್ತೆಯವರನ್ನು, ಒಮ್ಮೆ ಅಜ್ಜಿಯನ್ನು ನೋಡಿ, "ಈಗ ಏನೆಂದು ಬರೆದುಕೊಳ್ಳಲಿ?" ಎಂದು ಮಾವನವರನ್ನು ಕೇಳಿದರು. ಮಾವನವರ ಬೆನ್ನು ನೆಟ್ಟಗಾಯಿತು. "ನಮ್ಮ ಸೋದರತ್ತೆ ಅಂತಾನೇ ಬರ್ಕಳ್ರಿ ಸ್ವಾಮಿ. ಅವತ್ತು ಹೇಳಿದ್ದೇ ಖರೆ" ಅಂದರು.

ಆ ಸಲ ಗ್ರಾಂಟು ಚನ್ನಗಿರಿಗೆ ಹೋಯಿತು. ಅಲ್ಲಿಯವರು ಈ ಸಲ ಸುಣ್ಣ ಹೊಡೆಸದೆ, ಪಂಚೆ ಕೊಡಿಸದೆ ಇದ್ದರಂತೆ. ನಮ್ಮ ಛತ್ರದ ಗೋಡೆಯನ್ನು ಬೆಲ್ಲದ ಸಾಹುಕಾರರು ಮುಂದೆ ನಿಂತು, ಊರವರ ಕೈಯಲ್ಲೇ ಮಣ್ಣು ತುಳಿಸಿ, ಮಳೆಗೆ ಮುಂಚೆ ಎಬ್ಬಿಸಿದರು. ಮೊದಲೇ ಯಾಕೆ ಹಾಗೆ ಮಾಡಲಿಲ್ಲ ಎಂದು ಕೇಳಿದರೆ, ಆಗ ಗ್ರಾಂಟು ಬರುವುದಿತ್ತಲ್ಲ ಎಂದು ಅವರು ಹೇಳುತ್ತಿದ್ದರು.

ಅದೆಲ್ಲ ಆಮೇಲಿನ ಮಾತು. ಅವತ್ತು ಅಜ್ಜಿ ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದು ಅಡುಗೆಮನೆಯ ಹೊಸಲಿನ ಹತ್ತಿರ ನಿಂತರು. ಒಲೆಯ ಮೇಲೆ ನನ್ನ ರೊಟ್ಟಿ ಸೀದು ಹೊಗೆಯಾಡುತ್ತಿತ್ತು. ಅತ್ತೆಯವರು ತಿರುಗಿ ನೋಡದೆ, ಕಾಲಿನಿಂದಲೇ ಮಣೆಯನ್ನು ಅವರ ಕಡೆಗೆ ಸರಿಸಿದರು. ಅಜ್ಜಿ ಒಳಗೆ ಬಂದು ಕುಳಿತು ಹಿಟ್ಟಿಗೆ ಕೈ ಹಾಕಿದರು. ಅವರ ಕೈಯಲ್ಲಿ ರೊಟ್ಟಿ ಎಷ್ಟು ತೆಳ್ಳಗೆ ಬರುತ್ತದೆ ಎಂಬುದು ಅಷ್ಟು ವರ್ಷ ನಮಗ್ಯಾರಿಗೂ ಗೊತ್ತಿರಲಿಲ್ಲ.